ರುಚಿ ಪುಸ್ತಕ

೪ ನವೆಂಬರ್ ೨೦೨೫, ಮಂಗಳವಾರ

ಒಂಬತ್ತೂ ಇಪ್ಪತ್ತಕ್ಕೆ ಶಾಲೆ ತಲುಪಿದೆ. ಕುವೆಂಪುನಗರದಿಂದ ಕೆಸರೆ ಕಡೆಗೆ ಸ್ಕೂಟರಿನಲ್ಲಿ ಮೂವತ್ತೈದು ನಿಮಿಷ. ಹಾಜರಿ ಅರವತ್ತನಾಲ್ಕಕ್ಕೆ ಐವತ್ತೊಂಬತ್ತು. ನನ್ನ ಡಬ್ಬಿ: ಹೀರೇಕಾಯಿ ಹುಳಿ, ಅನ್ನ, ಬೇರೆ ಬಟ್ಟಲಲ್ಲಿ ಮೊಸರನ್ನ.

ಹೆಡ್‌ಮಾಸ್ಟರ್ ವಿಜಯ್‌ಕುಮಾರ್ ಹೊಸ ಫೈಲು ಕೊಟ್ಟರು. ಮೇಲೆ ‘ಮಕ್ಕಳ ಆರೋಗ್ಯ: ಊಟ ಮತ್ತು ಆಟ’ ಎಂದಿದೆ. ಬಿಸಿಯೂಟದ ಉಸ್ತುವಾರಿ ಆರು ವರ್ಷದಿಂದ ನನ್ನದೇ. ಈಗ ಆಟದ ಲೆಕ್ಕವೂ ಸೇರಿತು. “ಬರವಣಿಗೆ ಅಂದ್ರೆ ನಿಮ್ದು ಭಾನುಮತಿ ಮೇಡಂ, ಕೈ ಮುಗಿಬೇಕು” ಎಂದರು. ಆಟ ಆಡಿಸಲು ಕಳೆದ ವಾರ ಬೀರೇಶ್ ಎಂಬ ಹೊಸ ಪಿ.ಟಿ. ಮೇಷ್ಟರು ಬಂದಿದ್ದಾರೆ. ಮಂಗಳವಾರ, ಗುರುವಾರ ಎರಡು ಗಂಟೆಯ ಮೇಲೆ ಮಾತ್ರ ನಮಗೆ; ಉಳಿದಂತೆ ಮೇಟಗಳ್ಳಿ ಕಡೆಯ ಇನ್ನೊಂದು ಶಾಲೆಗೆ. ಹೆಣ್ಣುಮಕ್ಕಳ ಖೋಖೋ ತಂಡ ಕಟ್ಟುತ್ತಾರಂತೆ.

ಹನ್ನೆರಡೂಕಾಲಕ್ಕೆ ಅಡುಗೆಯವಳು ಸ್ಟೀಲ್ ಬಟ್ಟಲಿನಲ್ಲಿ ಸಾಂಬಾರು, ಎರಡು ತುತ್ತು ಅನ್ನ ತಂದು ಮೇಜಿನ ಮೇಲಿಟ್ಟು ಹೋದಳು. ಮಕ್ಕಳಿಗೆ ಬಡಿಸುವ ಅರ್ಧ ಗಂಟೆ ಮೊದಲು ಶಿಕ್ಷಕರೊಬ್ಬರು ರುಚಿ ನೋಡಿ ಪುಸ್ತಕದಲ್ಲಿ ಬರೆಯಬೇಕೆಂಬುದು ನಿಯಮ. ನನಗೆ ಹೊರಗಿನ ಅಡುಗೆ ಹೊಟ್ಟೆಗೆ ಆಗುವುದಿಲ್ಲ. ಎಂದಿನಂತೆ ಬಟ್ಟಲನ್ನು ಕಿಟಕಿಯಾಚೆಯ ದಾಸವಾಳದ ಕುಂಡಕ್ಕೆ ಸುರಿದೆ. ಐದು ನಿಮಿಷ ಬಿಟ್ಟು ಬಟ್ಟಲು ಒಯ್ಯಲು ಬಂದಳು.

“ಉಪ್ಪು ಎಂಗದೆ ಮೇಡಂ?”

“ಸರಿಯಾಗಿದೆ ಬೋರಮ್ಮ, ಹೋಗು.”

“ಉಳಿ?”

“ಎಲ್ಲ ಸರಿಯಾಗಿದೆ.”

ದಸರಾ ರಜೆ ಮುಗಿದ ಮೇಲೆ ಇದೊಂದು ಹೊಸ ಅಭ್ಯಾಸ, ದಿನವೂ ಎರಡೆರಡು ಸಲ ಕೇಳುತ್ತಾಳೆ. ಮೊದಲು ಕೇಳುತ್ತಿರಲಿಲ್ಲ. ಸಹಾಯಕಿ ಚಂದ್ರಮತಿ ರಜೆಯಲ್ಲೇ ಕೆಲಸ ಬಿಟ್ಟು ಗಾರ್ಮೆಂಟ್ಸ್ ಸೇರಿದಳು. ಮಾತಿಗೆ ಯಾರೂ ಇಲ್ಲದೆ ಹೀಗಾಗಿರಬಹುದು.

ಪುಸ್ತಕದಲ್ಲಿ ಬರೆದೆ: ‘ರುಚಿ ನೋಡಲಾಗಿದೆ. ಉತ್ತಮವಾಗಿದೆ.’ ಹೆಡ್‌ಮಾಸ್ಟರ್ ಶನಿವಾರ ಆರೂ ದಿನದ್ದಕ್ಕೆ ಒಟ್ಟಿಗೆ ಸಹಿ ಹಾಕುತ್ತಾರೆ.

೬ ನವೆಂಬರ್, ಗುರುವಾರ

ಊಟದ ಹೊತ್ತಿನಲ್ಲಿ ಏಳನೇ ತರಗತಿಯ ಶಿಲ್ಪಶ್ರೀ ತಟ್ಟೆ ಹಿಡಿದುಕೊಂಡು ಎದ್ದು ನಿಂತಳು. ಓಟದಲ್ಲಿ ಮುಂದಿರುವ ಹುಡುಗಿ, ಮಾತಿನಲ್ಲೂ ಹಾಗೆಯೇ.

“ಮಿಸ್, ಸಾಂಬಾರ್ ಉಪ್ಪುಪ್ಪು. ತಿನ್ನಕ್ಕಾಗ್ತಿಲ್ಲ. ಮೊನ್ನೇನೂ ಇಂಗೇ ಇತ್ತು.”

ಸಾಲಿನಲ್ಲಿ ಕುಳಿತ ಮಿಕ್ಕವರು ತಟ್ಟೆಯಿಂದ ಕೈ ತೆಗೆದು ನನ್ನನ್ನು ನೋಡಿದರು. ಒಬ್ಬಳನ್ನು ಬಿಟ್ಟರೆ ನಾಳೆ ಎಲ್ಲರೂ ಏಳುತ್ತಾರೆ.

“ಅರ್ಧ ಗಂಟೆ ಮುಂಚೆ ನಾನೇ ರುಚಿ ನೋಡಿದ್ದೇನೆ. ಊಟಕ್ಕೆ ಹೆಸರಿಡಬಾರದು. ಬೋರಮ್ಮನ ಹತ್ತಿರ ಹೋಗಿ ತಪ್ಪಾಯ್ತು ಅನ್ನು.”

ಹೋದಳು. ಅಡುಗೆಯವಳು ಸೌಟು ಕೆಳಗಿಟ್ಟು, “ಬುಡಿ ಮೇಡಂ, ಮಗೀಗೆ ಎಂಗನ್ನಿಸ್ತೋ ಅಂಗೆ ಹೇಳ್ತು” ಎಂದಳು. ಆಮೇಲೆ ಹುಡುಗಿಯ ಹತ್ತಿರ ಬಗ್ಗಿ, “ದಿಟ ಹೇಳವ್ವ, ಉಪ್ಪಾಗದಾ?” ಎಂದು ಕೇಳಿದಳು.

ಶಿಲ್ಪಶ್ರೀ ನನ್ನ ಮುಖ ನೋಡಿದಳು. “ಇಲ್ಲ ಕಣಜ್ಜಿ. ಸರಿಯಾಗದೆ. ತಪ್ಪಾಯ್ತು.”

ಅನ್ನ ಚೆಲ್ಲುವುದರ ಬಗ್ಗೆ ಮಕ್ಕಳಿಗೆ ಹತ್ತು ನಿಮಿಷ ಹೇಳಿದೆ. ಗಮನವಿಟ್ಟು ಕೇಳಿದರು.

ಡಬ್ಬಿ: ಮೆಂತ್ಯದ ಸೊಪ್ಪಿನ ಪಲ್ಯ, ಚಪಾತಿ ಮೂರು.

೯ ನವೆಂಬರ್, ಭಾನುವಾರ

ಸಂಜೆಯವರೆಗೆ ಕಾದಂಬರಿ, ಅರವತ್ತೆರಡು ಪುಟ. ಎರಡು ಭಾಷೆ ದಾಟಿ ಕನ್ನಡಕ್ಕೆ ಬಂದದ್ದು. ಹಿಮದ ಊರಿನ ಅನಾಥಾಲಯ. ಎಲೆಕೋಸಿನ ನೀರು ಸಾರು ಕುಡಿದ ಹುಡುಗಿಯೊಬ್ಬಳು ಬಟ್ಟಲಿನ ತಳವನ್ನು ಬೆರಳಿನಿಂದ ಒರೆಸಿ ನೆಕ್ಕುವ ಪುಟದಲ್ಲಿ ಪುಸ್ತಕ ಮುಚ್ಚಬೇಕಾಯಿತು. ಆ ಸಾರಿನ ರುಚಿ ನನ್ನ ನಾಲಗೆಗೆ ಬಂದಿತ್ತು. ಒಳ್ಳೆಯ ಅನುವಾದ ಎಂದರೆ ಇದು. ‘ಸಾರು’ ಎಂಬ ಪದವನ್ನೇ ಬಳಸಿದ್ದು ಸರಿಯೋ ತಪ್ಪೋ ಎಂದು ಬಹಳ ಹೊತ್ತು ಯೋಚಿಸಿದೆ.

ಇವರು ಕಾಫಿ ಕೊಡಲು ಬಂದವರು, “ಅಳ್ತಿದೀಯೇನೇ ಭಾನು?” ಎಂದರು. ಇಲ್ಲ ಎಂದೆ.

೧೧ ನವೆಂಬರ್, ಮಂಗಳವಾರ

ಆ ಗುರುವಾರದ ನಂತರ ಊಟದ ಬಗ್ಗೆ ಒಂದೂ ದೂರಿಲ್ಲ. ಮಕ್ಕಳಲ್ಲಿ ಶಿಸ್ತು ಬಂದಿದೆ ಎಂದು ಫೈಲಿನಲ್ಲಿ ಬರೆದೆ.

ಕಿಟಕಿಯಾಚೆಯ ದಾಸವಾಳದ ಎಲೆಗಳ ಅಂಚು ಸುಟ್ಟಂತೆ ಕಂದಾಗಿದೆ. ಮೊಗ್ಗು ಉದುರುತ್ತಿವೆ. ಗೊಬ್ಬರ ಹಾಕಿಸಬೇಕು.

೧೩ ನವೆಂಬರ್, ಗುರುವಾರ

ಬೀರೇಶ್ ಆಟ ಮುಗಿಸಿ ನೇರ ಸ್ಟಾಫ್ ರೂಮಿಗೆ ಬಂದರು. ಬೂಟಿನ ಧೂಳನ್ನೂ ಕೊಡವಿರಲಿಲ್ಲ.

“ಮೇಡಂ, ಒಂದ್ ಮಾತು ಕೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. ಈ ಹುಡ್ಗೀರು ಮಧ್ಯಾಹ್ನ ಊಟ ಮಾಡ್ತಾರಾ?”

“ದಿನಾ ಮಾಡುತ್ತಾರೆ. ನಾನೇ ನಿಂತು ಬಡಿಸುತ್ತೇನೆ.”

“ಬಡಿಸೋದು ಸರಿ. ತಿಂತಾರಾ? ಎರಡು ರೌಂಡ್ ಓಡ್ಸಿದ್ರೆ ಕೂತ್ಬಿಡ್ತವೆ ಕಣ್ರೀ. ನಾನ್ ಬಂದಾಗ ಆ ಶಿಲ್ಪಶ್ರೀ ಜಿಂಕೆ ಥರ ಇದ್ಲು. ಅಕ್ಟೋಬರ್ ಕೊನೇಲಿ ತೂಕ ಮೂವತ್ತೊಂದೂವರೆ, ಇವತ್ತು ಮೂವತ್ತು.”

ರುಚಿ ಪುಸ್ತಕ ತೆಗೆದು ಅವರ ಮುಂದೆ ಇಟ್ಟೆ. ನಾಲ್ಕು ಪುಟ ತಿರುವಿದರು.

“ಒಂದೇ ಮಾತು, ಒಂದೇ ಅಕ್ಷರ. ಪ್ರಿಂಟ್ ಹೊಡ್ದಂಗಿದೆ ಬಿಡಿ” ಎಂದು ನಕ್ಕರು.

ಉದ್ಧಟತನ. ಹೊಸಬರು, ತಿಳಿಯದು. ಆದರೆ ಮನೆಗೆ ಬರುವ ದಾರಿಯುದ್ದಕ್ಕೂ ಆ ನಗು ಕಿವಿಯಲ್ಲಿತ್ತು.

೧೪ ನವೆಂಬರ್, ಶುಕ್ರವಾರ

ಮಕ್ಕಳ ದಿನಾಚರಣೆ. ‘ಸಮತೋಲನ ಆಹಾರ ಮತ್ತು ವ್ಯಾಯಾಮ’ ಕುರಿತು ಹದಿನೈದು ನಿಮಿಷ ಮಾತಾಡಿದೆ. ಚಪ್ಪಾಳೆ. ಹೆಡ್‌ಮಾಸ್ಟರ್ ರುಚಿ ಪುಸ್ತಕವನ್ನು ಎತ್ತಿ ಹಿಡಿದು ಬಂದ ಅತಿಥಿಗಳಿಗೆ ತೋರಿಸಿದರು. ಮೊದಲ ಸಾಲಿನಲ್ಲಿದ್ದ ಶಿಲ್ಪಶ್ರೀ ಅದನ್ನೇ ನೋಡುತ್ತಿದ್ದಳು.

೧೮ ನವೆಂಬರ್, ಮಂಗಳವಾರ

ಮೂರೂ ಹತ್ತಕ್ಕೆ ಮೈದಾನದಲ್ಲಿ ಕೂಗಾಟ. ಶಿಲ್ಪಶ್ರೀ ಖೋಖೋ ಕಂಬದ ಬಳಿ ಬಿದ್ದಿದ್ದಳು. ಬೀರೇಶ್ ಎತ್ತಿಕೊಂಡು ಬಂದು ಬೆಂಚಿನ ಮೇಲೆ ಮಲಗಿಸಿದರು. ಮುಖಕ್ಕೆ ನೀರು, ಬಾಯಿಗೆ ಸಕ್ಕರೆ ನೀರು. ಎರಡು ನಿಮಿಷಕ್ಕೆ ಕಣ್ಣು ಬಿಟ್ಟಳು. ಮೊಣಕೈ ತರಚಿತ್ತು.

“ಮಧ್ಯಾಹ್ನ ಏನವ್ವ ತಿಂದೆ?” ಎಂದು ಬೀರೇಶ್ ಕೇಳಿದರು.

ತರಚಿದ ಮೊಣಕೈಯನ್ನು ಇನ್ನೊಂದು ಕೈಯಿಂದ ಮುಚ್ಚಿಕೊಂಡಳು.

“ಹೇಳು, ಯಾರೂ ಬಯ್ಯಲ್ಲ. ಉಂಡ್ಯಾ ಇಲ್ವಾ?”

ಹುಡುಗಿಯ ಕಣ್ಣು ಅವರನ್ನು ದಾಟಿ ನನ್ನ ಮೇಲೆ ಬಂದು ನಿಂತಿತು.

“ಊಟ ಚೆನ್ನಾಗಿತ್ತು ಸಾರ್. ಉತ್ತಮವಾಗಿತ್ತು.”

ಹನ್ನೆರಡು ವರ್ಷದ ಹುಡುಗಿ, ಮಲಗಿದಲ್ಲಿಂದಲೇ, ನನ್ನ ಪುಸ್ತಕದ ಪದವನ್ನೇ ಹೇಳಿದಳು. ವ್ಯಂಗ್ಯವಿರಲಿಲ್ಲ. ಇದ್ದಿದ್ದರೆ ಎಷ್ಟೋ ಮೇಲಿತ್ತು.

೧೯ ನವೆಂಬರ್, ಬುಧವಾರ

ಊಟಕ್ಕೆ ಮೊದಲು ನೀರಿನ ಟ್ಯಾಂಕಿನ ಹಿಂದೆ ಹೋಗಿ ನೋಡಿದೆ. ಆರು ವರ್ಷದಲ್ಲಿ ಆ ಕಡೆ ಹೋದದ್ದು ಇದೇ ಮೊದಲು. ಕಾಂಪೌಂಡಿನ ಮೂಲೆಯಲ್ಲಿ ಅನ್ನದ ಗುಡ್ಡೆ. ಹಳದಿ ಬಣ್ಣ, ಒಣಗಿದ್ದರ ಮೇಲೆ ಹಸಿಯದು. ಕಾಗೆಗಳು ಕೂಡ ಅಂಚಿನಲ್ಲಷ್ಟೇ ಕುಕ್ಕುತ್ತಿದ್ದವು.

ಹನ್ನೆರಡೂಕಾಲಕ್ಕೆ ಬಟ್ಟಲು ಬಂತು. ಬಾಗಿಲು ಮುಂದೆ ಮಾಡಿ, ಚಮಚದ ತುದಿಯಿಂದ ಸಾಂಬಾರು ನಾಲಗೆಗಿಟ್ಟುಕೊಂಡೆ. ಉಪ್ಪು. ಉಪ್ಪಲ್ಲದೆ ಬೇರೇನೂ ಇಲ್ಲ. ಅದರ ಹಿಂದೆ ಸೀದ ಮೆಂತ್ಯದ ಕಹಿ. ಕಿಟಕಿಯಿಂದ ಉಗುಳಿದೆ. ಅದು ದಾಸವಾಳದ ಕುಂಡಕ್ಕೇ ಬಿತ್ತು. ಆಗ ಆ ಗಿಡ ಏಕೆ ಸಾಯುತ್ತಿದೆ ಎಂದು ಗೊತ್ತಾಯಿತು.

ಮೂರು ಸಲ ಬಾಯಿ ತೊಳೆದೆ. ಕೊನೆಯ ಎರಡು ಸಲ ಉಪ್ಪಿಗಾಗಿ ಅಲ್ಲ. ಇದನ್ನು ಇಲ್ಲಿ ಬರೆದಿಡಬೇಕು.

“ಎಂಗದೆ ಮೇಡಂ?”

“ಸರಿಯಾಗಿದೆ.”

ನಾಲಗೆ ಉರಿಯುತ್ತಿರುವಾಗಲೇ ಹೇಳಿದೆ. ಪುಸ್ತಕದಲ್ಲೂ ಕೈ ತಾನಾಗಿಯೇ ‘ಉತ್ತಮವಾಗಿದೆ’ ಎಂದು ಬರೆಯಿತು. ಮಕ್ಕಳು ತಟ್ಟೆ ಹಿಡಿದು ಸಾಲಾಗಿ ಟ್ಯಾಂಕಿನ ಕಡೆ ನಡೆದು ಹೋದರು. ನೋಡುತ್ತ ನಿಂತೆ.

೨೦ ನವೆಂಬರ್, ಗುರುವಾರ

ಹನ್ನೊಂದೂವರೆಗೆ ಅಡುಗೆಮನೆಗೆ ಹೋದೆ. ಬೋರಮ್ಮ ಒಬ್ಬಳೇ ಇದ್ದಳು. ನನ್ನನ್ನು ಬಾಗಿಲಲ್ಲಿ ಕಂಡು ಗಾಬರಿಯಾಗಿ ಸೆರಗಿನಿಂದ ಸ್ಟೂಲು ಒರೆಸಿದಳು. ಕೂರಲಿಲ್ಲ.

“ಅಡುಗೆ ಮಾಡುವಾಗ ನೀನು ರುಚಿ ನೋಡುವುದಿಲ್ಲವೇ ಬೋರಮ್ಮ?”

ಸೌಟು ಪಾತ್ರೆಯೊಳಗೆ ನಿಂತಿತು. ಅವಳು ಹೋಗಿ ಬಾಗಿಲು ಮುಂದೆ ಮಾಡಿ ಬಂದಳು.

“ಯಾರ್ಗೂ ಹೇಳ್ಬೇಡಿ ಮೇಡಂ, ನಿಮ್ ಕಾಲ್ಗೆ ಬೀಳ್ತೀನಿ. ದಸರಾದಾಗ ನಂಗೆ ಜ್ವರ ಬಂದಿತ್ತಲ್ಲ, ಎಂಟು ದಿನ. ಜ್ವರ ಹೋಯ್ತು, ನಾಲ್ಗೆ ಸತ್ತೋಯ್ತು. ಉಪ್ಪೂ ಒಂದೇ, ಉಳೀನೂ ಒಂದೇ, ಮಣ್ಣೂ ಒಂದೇ. ಸೀದ್ರೂ ವಾಸ್ನೆ ಗೊತ್ತಾಗಲ್ಲ. ಚಂದ್ರಮತಿ ಇದ್ದಿದ್ರೆ ಕೇಳ್ತಿದ್ದೆ. ಅವ್ಳೂ ಹೋದ್ಲು.”

“ಮತ್ತೆ ಹೇಗೆ ಮಾಡುತ್ತಿದ್ದೀ?”

“ಕೈ ಅಳತೇಲಿ ಹಾಕ್ತೀನಿ. ಒಂದೊಂದ್ಸಲ ಹಾಕಿದ್ನೋ ಇಲ್ವೋ ಮರ್ತೋಗತ್ತೆ, ಇನ್ನೊಂದ್ಸಲ ಹಾಕ್ಬುಡ್ತೀನೇನೋ ಅಂತ ಭಯ. ಆದ್ರೂ ನೀವಿದೀರಲ್ಲ ಅಂತ ಧೈರ್ಯ ಮೇಡಂ. ದಿನಾ ಬಟ್ಲು ತಂದಿಡ್ತೀನಿ, ನೀವು ಸರಿ ಅಂತೀರಿ. ನೀವು ಸುಮ್‌ಸುಮ್ನೆ ಸರಿ ಅನ್ನೋರಲ್ಲ ಅಂತ ನಂಗೊತ್ತು. ನಿಮ್ ನಾಲ್ಗೆ ಮೇಲೆ ಕಣಮ್ಮ ನಾನು ಅಡ್ಗೆ ಮಾಡ್ತಿರೋದು.”

ಹದಿನಾಲ್ಕು ವರ್ಷ ಈ ಶಾಲೆಗೆ ಅಡುಗೆ ಮಾಡಿದವಳು ನನ್ನ ಮುಂದೆ ಕೈ ಜೋಡಿಸಿಕೊಂಡು ನಿಂತಿದ್ದಳು. ಹೇಳಬಹುದಾಗಿದ್ದ ಹೊತ್ತು ಅದು. ನಾನು ಹೇಳಿದ್ದು ಇಷ್ಟು: “ಇವತ್ತು ಸ್ವಲ್ಪ ಉಪ್ಪು ಹೆಚ್ಚಾಗಿರಬಹುದು. ನೋಡೋಣ, ಕೊಡು.”

ಅಂಗೈಗೆ ಹಾಕಿಸಿಕೊಂಡು ನೋಡಿದೆ. ಹೆಚ್ಚಾಗಿಯೇ ಇತ್ತು. ಬೇಯಿಸಿದ ಆಲೂಗಡ್ಡೆ, ಬಿಸಿನೀರು, ಇನ್ನಷ್ಟು ಬೇಳೆ ಸೇರಿಸಿದೆವು.

“ಇವತ್ತೊಂದಿನ ತಾನೆ ಮೇಡಂ ಇಂಗಾಗಿರೋದು?”

“ಹೌದು. ಇವತ್ತೊಂದು ದಿನ.”

ಡಬ್ಬಿ ತೆರೆಯಲು ಮರೆತೆ. ಸಂಜೆ ಹಾಗೆಯೇ ಮನೆಗೆ ತಂದೆ.

೨೧ ನವೆಂಬರ್, ಶುಕ್ರವಾರ

ಶಿಲ್ಪಶ್ರೀಯ ತಾಯಿ ಸುಷ್ಮಾ ಬಂದಿದ್ದರು. ಮೇಟಗಳ್ಳಿಯ ಕಾರ್ಖಾನೆಯೊಂದರಲ್ಲಿ ಪ್ಯಾಕಿಂಗ್ ಕೆಲಸ. ಬೆಳಿಗ್ಗೆ ಆರೂವರೆಗೆ ಮನೆ ಬಿಡುತ್ತಾರೆ. ಮಕ್ಕಳಿಗೆ ಮಧ್ಯಾಹ್ನದ ಊಟವೇ ಮೊದಲ ಊಟ. ಇವತ್ತು ರಜೆ ಹಾಕಿ ಬಂದವರು ಹೆಡ್‌ಮಾಸ್ಟರರ ಮೇಜಿನ ಮುಂದೆ ನಿಂತೇ ಮಾತಾಡಿದರು.

“ತಿಂಗಳಾಯ್ತಂತೆ ಸಾರ್ ಈ ಮಗು ಸರಿಯಾಗಿ ಉಂಡು. ಮೊಟ್ಟೆ ಕೊಟ್ರೆ ಅದನ್ನೂ ಮೂರನೇ ಕ್ಲಾಸಲ್ಲಿರೋ ತಂಗಿಗೆ ಕೊಡ್ತಿದ್ಲಂತೆ. ಬೆಳಗ್ಗೆ ಹಾಲು ಕುಡಿದಿದ್ದೇ ಸಂಜೆ ತನಕ. ನಂಗ್ಯಾಕೆ ಹೇಳ್ಲಿಲ್ಲ ಅಂತ ಹೊಡೆದ್ಬುಟ್ಟೆ. ‘ಮಿಸ್‌ಗೆ ಹೇಳಿದ್ದಕ್ಕೆ ತಪ್ಪಾಯ್ತು ಅನ್ನಿಸಿದ್ರು, ನಿಂಗೆ ಹೇಳಿದ್ರೆ ನೀನೂ ಅನ್ನಿಸ್ತೀಯ’ ಅಂತು.”

ನಾನು ಅಲ್ಲೇ, ಬೀರುವಿನ ಪಕ್ಕದಲ್ಲಿದ್ದೆ. ಸುಷ್ಮಾ ನನ್ನ ಕಡೆ ನೋಡಲಿಲ್ಲ. ಯಾವ ಮಿಸ್ ಎಂದು ಅವರಿಗೆ ಗೊತ್ತಿತ್ತೋ ಇಲ್ಲವೋ.

ಅವರು ಹೋದ ಮೇಲೆ ಹೆಡ್‌ಮಾಸ್ಟರ್ ಬಾಗಿಲು ಹಾಕಿದರು. ದೂರು ಆಗಲೇ ಮೇಲಿನ ಕಚೇರಿಗೂ ಹೋಗಿದೆಯಂತೆ; ಬುಧವಾರ ಹನ್ನೊಂದಕ್ಕೆ ಬಿಸಿಯೂಟದ ಅಧಿಕಾರಿ ವಿಚಾರಣೆಗೆ ಬರುತ್ತಾರೆ.

“ನೀವೇನೂ ಯೋಚನೆ ಮಾಡ್ಬೇಡಿ ಮೇಡಂ. ನಿಮ್ಮ ಪುಸ್ತಕ ನಮ್ಮನ್ನ ಕಾಪಾಡ್ತು. ಒಂದು ದಿನಾನೂ ಬಿಟ್ಟಿಲ್ಲ ನೀವು. ನೀವು ರುಚಿ ನೋಡಿದಾಗ ಸರಿ ಇತ್ತು, ಆಮೇಲೆ ಆಯಮ್ಮ ಏನೋ ಮಾಡ್ಕೊಂಡಿದಾಳೆ. ವಯಸ್ಸೂ ಆಯ್ತು. ಬೇರೆಯವರನ್ನ ಹಾಕ್ಕೊಳ್ಳೋಣ.”

ಆಗಲೇ ಟೈಪ್ ಮಾಡಿಸಿದ್ದ ಹೇಳಿಕೆ ಕೊಟ್ಟರು. ‘ಪ್ರತಿದಿನ ನಾನು ರುಚಿ ನೋಡಿದಾಗ ಉತ್ತಮವಾಗಿದ್ದ ಅಡುಗೆಯು, ಬಡಿಸುವ ವೇಳೆಗೆ ಅಡುಗೆಯವರ ಅಜಾಗರೂಕತೆಯಿಂದ ಕೆಟ್ಟಿರುವ ಸಾಧ್ಯತೆ ಇದೆ.’ ಕೆಳಗೆ ನನ್ನ ಹೆಸರು, ಸಹಿಗೆ ಜಾಗ.

“ಇದರಲ್ಲಿ ಸುಳ್ಳೇನಿಲ್ಲವಲ್ಲ. ‘ಸಾಧ್ಯತೆ’ ಅಂತಲೇ ಹಾಕ್ಸಿದೀನಿ” ಎಂದರು.

ಮೊದಲ ನಾಲ್ಕು ಪದಗಳನ್ನು ಅವರು ನಿಜವೆಂದೇ ನಂಬಿದ್ದಾರೆ. ಅವರ ತಪ್ಪಲ್ಲ. ಹಾಗೆ ನಂಬಿಸಿದವಳು ನಾನು.

ಹಾಳೆಯನ್ನು ಕಾದಂಬರಿಯೊಳಗೆ ಇಟ್ಟುಕೊಂಡು ಬಂದೆ.

೨೨ ನವೆಂಬರ್, ಶನಿವಾರ

ಏನೂ ಬರೆಯಲಾರೆ.

೨೩ ನವೆಂಬರ್, ಭಾನುವಾರ

ಬೆಳಿಗ್ಗೆ ಇವರ ಜೊತೆ ಅಗ್ರಹಾರದ ಹೋಟೆಲಿಗೆ ಹೋದೆ. ತಿಂಗಳಿಗೊಮ್ಮೆ ಹೋಗುವ ರೂಢಿ. ಎರಡು ಇಡ್ಲಿ, ಒಂದು ವಡೆ. ಅರ್ಧ ಇಡ್ಲಿ ಮುಗಿದಾಗ ಅಡುಗೆಮನೆಯ ಬಾಗಿಲು ತೆರೆದು ಯಾರೋ ಬೆವರು ಒರೆಸಿಕೊಳ್ಳುತ್ತ ಹೊರಬಂದು ಗಾಳಿಗೆ ನಿಂತರು. ಅವರ ಹೆಸರು, ಊರು, ಮನೆ ಒಂದೂ ನನಗೆ ಗೊತ್ತಿಲ್ಲ. ಇಪ್ಪತ್ತು ವರ್ಷದಿಂದ ಆ ಅಡುಗೆಮನೆಯ ಇಡ್ಲಿ ನನ್ನ ಹೊಟ್ಟೆಗೆ ಆಗುತ್ತಿದೆ.

ಇದೇ ದಿನಚರಿಯಲ್ಲಿ, ನಾಲ್ಕನೇ ತಾರೀಖು, ‘ಹೊರಗಿನ ಅಡುಗೆ ಹೊಟ್ಟೆಗೆ ಆಗುವುದಿಲ್ಲ’ ಎಂದು ಬರೆದಿದ್ದೇನೆ. ಬೇರೆ ಯಾರೂ ಓದದ ಪುಸ್ತಕದಲ್ಲೂ ಸುಳ್ಳು ಬರೆದಿದ್ದೇನೆ.

ನಿಜ ಇದು. ಹೋಟೆಲಿನಲ್ಲಿ ಮಾಡಿದವರು ಕಾಣುವುದಿಲ್ಲ. ಶಾಲೆಯಲ್ಲಿ ಬೋರಮ್ಮ ಕಾಣುತ್ತಾರೆ. ಅವರು ಯಾರ ಪೈಕಿ, ಯಾವ ಬೀದಿಯವರು ಎಂದು ನಾನು ಆ ಶಾಲೆಗೆ ಹೋದ ಮೊದಲ ದಿನವೇ ತಿಳಿದುಕೊಂಡಿದ್ದೆ. ಯಾರನ್ನೂ ಕೇಳಿರಲಿಲ್ಲ, ನಮ್ಮಂಥವರಿಗೆ ಕೇಳದೆಯೇ ತಿಳಿದುಕೊಳ್ಳುವ ವಿದ್ಯೆ ಮನೆಯಲ್ಲೇ ಬಂದಿರುತ್ತದೆ. ಆ ಮೊದಲ ದಿನ ಅವರು ನನಗೆ ಕಾಫಿ ತಂದರು. ನಾನು ಕಾಫಿ ಕುಡಿಯುವುದಿಲ್ಲ ಎಂದೆ. ಮಧ್ಯಾಹ್ನ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಳ್ಳುವಾಗ ಅವರು ಬಾಗಿಲಲ್ಲಿ ನಿಂತಿದ್ದರು. ಮರುದಿನದಿಂದ ಬರಿಯ ಬಿಸಿನೀರು ತಂದಿಡುತ್ತಾರೆ. ಆರು ವರ್ಷ, ಒಂದು ದಿನವೂ ತಪ್ಪಿಸದೆ. ಅದನ್ನು ನಾನು ಕುಡಿಯುತ್ತೇನೋ ಚೆಲ್ಲುತ್ತೇನೋ ಎಂದು ಕೂಡ ಅವರು ಕೇಳಿಲ್ಲ. ಚೆಲ್ಲುತ್ತೇನೆ.

ಕಾಫಿಯ ವಿಷಯದಲ್ಲಿ ನನ್ನನ್ನು ಅಷ್ಟು ಚೆನ್ನಾಗಿ ಅರ್ಥ ಮಾಡಿಕೊಂಡವರು, ಮಕ್ಕಳ ಊಟದ ವಿಷಯದಲ್ಲಿ ಮಾತ್ರ ನಾನು ಹಾಗೆ ಮಾಡಲಾರೆ ಎಂದುಕೊಂಡರು. ನನ್ನ ಬಗ್ಗೆ ಅವರು ಇಟ್ಟುಕೊಂಡಿದ್ದ ಗೌರವ ಅಷ್ಟು.

ಸಂಜೆ ಇವರಿಗೆ ಹೇಳಿದೆ, ಎಲ್ಲವನ್ನೂ ಅಲ್ಲ, ಹೇಳಿಕೆಯ ಮಟ್ಟಿಗೆ.

“ನಿಂಗಿನ್ನೂ ಆರು ವರ್ಷ ಸರ್ವಿಸ್ ಇದೆ ಭಾನು. ನೋಟಿಸು, ವಿಚಾರಣೆ, ಎಲ್ಲ ಬೇಕಾ? ಸಹಿ ಹಾಕದೆ ಸುಮ್ಮನೆ ಇದ್ದುಬಿಡು. ಪುಸ್ತಕ ತಾನೇ ಮಾತಾಡುತ್ತೆ.”

ಪುಸ್ತಕ ಮಾತಾಡುತ್ತದೆ, ನಿಜ. ಅದೇ ಭಯ.

ಕಾದಂಬರಿ ತೆರೆದೆ. ಹುಡುಗಿ ಬಟ್ಟಲು ನೆಕ್ಕುವ ಪುಟದಲ್ಲೇ ಟೈಪಾದ ಹಾಳೆ ಇತ್ತು. ಓದಲಾಗಲಿಲ್ಲ.

೨೪ ನವೆಂಬರ್, ಸೋಮವಾರ

ಹನ್ನೊಂದಕ್ಕೇ ಅಡುಗೆಮನೆಗೆ ಹೋದೆ. ಸ್ಟೂಲಿನ ಮೇಲೆ ಕುಳಿತೆ. ಬೋರಮ್ಮ ಒಗ್ಗರಣೆ ಹಾಕುವಾಗ ಮೆಂತ್ಯ ಕೆಂಪಾಗುವುದನ್ನು ನೋಡಿ “ಸಾಕು” ಎಂದೆ. ಉಪ್ಪು ಅರ್ಧರ್ಧ ಹಿಡಿಯಂತೆ ಹಾಕಿಸಿದೆ, ಪ್ರತಿ ಸಲ ಅಂಗೈಯಲ್ಲಿ ನೋಡಿ ಹೇಳಿದೆ. ಮೂರನೆಯ ಸಲಕ್ಕೆ ಹದ ಬಂತು. ನಿಜಕ್ಕೂ ಚೆನ್ನಾಗಿತ್ತು. ಅವರ ಕೈಯಲ್ಲಿ ಏನೂ ತಪ್ಪಿಲ್ಲ.

“ನೀವು ಇಂಗೆ ಕೂತ್ಕಂಡ್ರೆ ನಮ್ಮವ್ವ ಕೂತಂಗಾಯ್ತದೆ” ಎಂದರು. “ಅವ್ಳೂ ಇಂಗೇ ಕಣಮ್ಮ, ಹಾಕು, ಹಾಕು, ಸಾಕು, ಅಷ್ಟೇ ಮಾತು.” ನಗುತ್ತಿದ್ದರು. ಬುಧವಾರ ಅಧಿಕಾರಿ ಬರುವ ಸುದ್ದಿ ಅವರಿಗೆ ಇನ್ನೂ ಮುಟ್ಟಿರಲಿಲ್ಲ.

ಶಿಲ್ಪಶ್ರೀ ಇವತ್ತು ಶಾಲೆಗೆ ಬಂದಿದ್ದಾಳೆ. ಸಾಲಿನ ತುದಿಯಲ್ಲಿ, ಟ್ಯಾಂಕಿಗೆ ಹತ್ತಿರವಾಗಿ ಕುಳಿತಿದ್ದಳು. ಬಡಿಸುತ್ತ ಹೋದವಳು ಅವಳ ಮುಂದೆ ನಿಂತು, “ಹೇಗಿದೆ ಶಿಲ್ಪಶ್ರೀ?” ಎಂದೆ.

“ಚೆನ್ನಾಗಿದೆ ಮಿಸ್.”

ಅನ್ನ ಇನ್ನೂ ಕಲಸಿರಲಿಲ್ಲ. ಬೆರಳು ಒಣಗಿದ್ದವು. ತುತ್ತು ಬಾಯಿಗಿಡುವ ಮೊದಲೇ ರುಚಿ ಹೇಳಿದಳು. ನನ್ನಿಂದ ಕಲಿತದ್ದು.

ಆಮೇಲೆ ದೂರದಿಂದ ನೋಡಿದೆ. ಒಂದು ತುತ್ತು ತಿಂದು ನಿಲ್ಲಿಸಿದಳು. ಪಕ್ಕದವಳ ಮುಖ ನೋಡಿದಳು. ಎರಡನೆಯದು ತಿಂದಳು. ಎದ್ದು ಇನ್ನೊಮ್ಮೆ ಅನ್ನ ಹಾಕಿಸಿಕೊಳ್ಳಲು ಹೋದಳು, ಬೇಗ ಬೇಗ, ಯಾರಾದರೂ ಬೇಡ ಎನ್ನುತ್ತಾರೇನೋ ಎಂಬಂತೆ.

ಪುಸ್ತಕದಲ್ಲಿ ಬರೆಯಲು ಪೆನ್ನು ತೆಗೆದೆ. ಮೊದಲ ಬಾರಿಗೆ ನಿಜವಾಗಿದ್ದ ಆ ಮಾತನ್ನು ಬರೆಯಲು ಕೈ ಬರಲಿಲ್ಲ. ಮೇಲಿನ ಸಾಲುಗಳಂತೆಯೇ ಕಾಣುತ್ತಿತ್ತು. ಸಾಲು ಖಾಲಿ ಬಿಟ್ಟೆ.

೨೫ ನವೆಂಬರ್, ಮಂಗಳವಾರ

ಇವತ್ತು ಬೋರಮ್ಮನವರಿಗೆ ಯಾರೋ ಹೇಳಿದ್ದಾರೆ. ಹನ್ನೊಂದಕ್ಕೆ ನಾನು ಅಡುಗೆಮನೆಗೆ ಹೋದಾಗ ಅಕ್ಕಿ ಆರಿಸುತ್ತ ಕುಳಿತಿದ್ದರು. ಮುಖ ಎತ್ತಲಿಲ್ಲ.

“ನಾಳೆ ಸಾಹೇಬ್ರು ಬರ್ತಾರಂತೆ. ನನ್ನ ತೆಗೀತಾರೆ ಅಂತವ್ರೆ. ಮಕ್ಕಳು ತಿಂಗಳಿಂದ ಉಂಡಿಲ್ವಂತೆ, ಉಪ್ಪಂತೆ, ಕಯಿಯಂತೆ.” ಕೈ ಮೊರದಲ್ಲಿ ಆಡುತ್ತಲೇ ಇತ್ತು. “ನಾನು ಅಂದೆ, ಅದೆಂಗಾಯ್ತದೆ? ಭಾನುಮತಿ ಮೇಡಂ ದಿನಾ ರುಚಿ ನೋಡಿ ಸರಿ ಅಂದವ್ರೆ, ಬುಕ್ಕಲ್ಲಿ ಬರ್ದವ್ರೆ. ಒಂದಿನ ಎಚ್ಚುಕಮ್ಮಿ ಆಗಿತ್ತು, ಅವತ್ತೂ ಅವ್ರೇ ಬಂದು ಸರಿ ಮಾಡ್ಸುದ್ರು ಅಂದೆ. ನೀವು ನಾಳೆ ಆ ಬುಕ್ಕು ತೋರ್ಸಿಬುಡಿ ಮೇಡಂ. ನಂಗೆ ಅದೇ ಸಾಕ್ಷಿ.”

ಒಂದೇ ಪುಸ್ತಕ. ಹೆಡ್‌ಮಾಸ್ಟರ್ ಅದರಿಂದ ಬೋರಮ್ಮನವರನ್ನು ತೆಗೆಯಬೇಕೆಂದಿದ್ದಾರೆ. ಬೋರಮ್ಮನವರು ಅದು ತಮ್ಮನ್ನು ಉಳಿಸುತ್ತದೆ ಎಂದಿದ್ದಾರೆ. ಇಬ್ಬರೂ ಅದನ್ನು ನಂಬಿದ್ದಾರೆ. ಅದರಲ್ಲಿರುವುದು ಏನೆಂದು ಗೊತ್ತಿರುವವಳು ನಾನೊಬ್ಬಳೇ.

“ತೋರಿಸುತ್ತೇನೆ ಬೋರಮ್ಮ” ಎಂದೆ. ಇನ್ನೂ ಏನೋ ಹೇಳಲು ಹೋದೆ. ಮಕ್ಕಳು ನೀರಿಗೆ ಬಂದರು. ಮಕ್ಕಳು ಬಾರದಿದ್ದರೂ ಹೇಳುತ್ತಿರಲಿಲ್ಲ ಎಂದು ಇಲ್ಲಿ ಬರೆಯುವುದು ಸರಿ.

ಮಧ್ಯಾಹ್ನ ಬೀರೇಶ್ ಬಂದರು. “ಇವತ್ತು ಹುಡ್ಗೀರು ನಾಲ್ಕು ರೌಂಡ್ ಓಡಿದ್ರು ಮೇಡಂ. ಏನ್ ಮಂತ್ರ ಹಾಕಿದ್ರಿ?” ಎಂದರು. ಕಿಟಕಿಯ ಹೊರಗೆ ನೋಡುತ್ತ, “ಆ ಗಿಡಕ್ಕೆ ಏನಾಯ್ತು, ಪಾಪ?” ಎಂದೂ ಕೇಳಿದರು. ನಾನು ಸಾಯಿಸಿದೆ ಎಂದೆ. ತಮಾಷೆ ಎಂದುಕೊಂಡು ನಕ್ಕರು. ಈ ಒಂದು ತಿಂಗಳಲ್ಲಿ ಶಾಲೆಯಲ್ಲಿ ನಾನು ಆಡಿದ ಮೊದಲ ನಿಜ ಅದೇ ಇರಬೇಕು.

ಟೈಪಾದ ಹಾಳೆಯನ್ನು ಹರಿದಿಲ್ಲ. ನಾಳೆ ಸಹಿ ಇಲ್ಲದೆ ಹಿಂದಿರುಗಿಸುತ್ತೇನೆ. ಬೇರೆ ಹಾಳೆಯಲ್ಲಿ ನನ್ನ ಹೇಳಿಕೆ ಬರೆದು ಮುಗಿಸಿದೆ. ಐದು ಸಲ ಬರೆದೆ. ಮೊದಲ ನಾಲ್ಕರಲ್ಲಿ ಎಲ್ಲೋ ಒಂದು ಕಡೆ ‘ಅನಾರೋಗ್ಯದ ಕಾರಣ’ ಎಂದೋ ‘ಕೆಲಸದ ಒತ್ತಡದಿಂದ’ ಎಂದೋ ನುಸುಳಿತ್ತು. ಐದನೆಯದು ಹೀಗಿದೆ:

‘ಈ ಶಾಲೆಗೆ ಬಂದ ದಿನದಿಂದ ಇದೇ ನವೆಂಬರ್ ಹದಿನೆಂಟರವರೆಗೆ ನಾನು ಒಂದು ದಿನವೂ ಬಿಸಿಯೂಟದ ರುಚಿ ನೋಡಿಲ್ಲ. ನೋಡಿದ್ದೇನೆ ಎಂದು ಪ್ರತಿದಿನ ಬರೆದಿದ್ದೇನೆ. ಹತ್ತೊಂಬತ್ತರಂದು ನೋಡಿದೆ, ಉಪ್ಪು ಮಿತಿ ಮೀರಿತ್ತು. ಆದರೂ ಉತ್ತಮವಾಗಿದೆ ಎಂದು ಬರೆದೆ. ದೂರು ಹೇಳಿದ ವಿದ್ಯಾರ್ಥಿನಿಯಿಂದ ಕ್ಷಮೆ ಕೇಳಿಸಿದೆ. ಅಡುಗೆಯವರಾದ ಬೋರಮ್ಮನವರು ಪ್ರತಿದಿನ ತಪ್ಪದೆ ನನ್ನನ್ನು ಕೇಳಿದ್ದಾರೆ. ನಾನು ತಪ್ಪು ಉತ್ತರ ಕೊಟ್ಟಿದ್ದೇನೆ.’

ಏಕೆ ನೋಡಲಿಲ್ಲ ಎಂದು ಅಧಿಕಾರಿ ಕೇಳಿದರೆ ಅದನ್ನೂ ಹೇಳುತ್ತೇನೆ. ಬರೆಯಲು ಕೈ ಬರಲಿಲ್ಲ. ಬಾಯಿ ಬಂದೀತೆ, ಗೊತ್ತಿಲ್ಲ.

ಬೋರಮ್ಮನವರ ನಾಲಗೆಯ ವಿಷಯ ಹೇಳಿಕೆಯಲ್ಲಿಲ್ಲ. ಅದನ್ನು ಹೇಳುವುದೋ ಬಿಡುವುದೋ ಅವರಿಗೆ ಸೇರಿದ್ದು. ಅವರು ಉಳಿದರೆ ದಿನವೂ ಹನ್ನೊಂದಕ್ಕೆ ಆ ಸ್ಟೂಲಿನ ಮೇಲೆ ನಾನಿರುತ್ತೇನೆ. ಡಾಕ್ಟರ ಹತ್ತಿರ ಹೋಗಲು ಒಪ್ಪಿದರೆ ಸ್ಕೂಟರಿನಲ್ಲಿ ಕರೆದೊಯ್ಯುತ್ತೇನೆ. ನನಗೆ ನೋಟಿಸು ಬಂದರೆ ಬರಲಿ. ರುಚಿ ಪುಸ್ತಕದಲ್ಲಿ ಹಳೆಯ ಸಾಲುಗಳನ್ನು ಹೊಡೆದು ಹಾಕುವುದಿಲ್ಲ. ಅವು ಹಾಗೆಯೇ ಇರಬೇಕು, ಎಲ್ಲರೂ ಓದಲು.

ನಾಳೆ ಎಂಟೂವರೆಗೆ ಶಾಲೆಯಲ್ಲಿರಬೇಕು. ಅಧಿಕಾರಿಗಿಂತ ಮೊದಲು, ಹೆಡ್‌ಮಾಸ್ಟರರಿಗಿಂತ ಮೊದಲು, ಬೋರಮ್ಮನವರಿಗೆ ಹೇಳಬೇಕು. ಕುಂಡದ ಹತ್ತಿರ ಕರೆದುಕೊಂಡು ಹೋಗಿ ತೋರಿಸಿಯೇ ಹೇಳಬೇಕು. ಇಲ್ಲವಾದರೆ ಅವರು ನಂಬುವುದಿಲ್ಲ.

ಊಟಕ್ಕೆ ಮನೆಯಿಂದ ಏನೂ ಒಯ್ಯುವುದಿಲ್ಲ. ತಟ್ಟೆ ಹಿಡಿದು ಮಕ್ಕಳ ಸಾಲಿನಲ್ಲಿ ಕೂರುತ್ತೇನೆ. ಅದೇ ಸಾಲಿನ ಮುಂದೆ ಶಿಲ್ಪಶ್ರೀಗೆ ತಪ್ಪಾಯಿತು ಎನ್ನುತ್ತೇನೆ. ಆಮೇಲೆ, ಅವಳು ಸರಿದು ಜಾಗ ಕೊಟ್ಟರೆ, ಅವಳ ಪಕ್ಕದಲ್ಲಿ.